ನೀವು ಸತ್ತರೆ ನಮ್ಮ ಪಟ್ಟಿಯ ಗತಿ ಏನು?

"ನೀವು ಸತ್ರ ನಮ್ಮ ಪಟ್ಟಿ ಗತಿ ಏನ್ರಿ?"

ವಿದ್ಯಾನಗರದ ಒಂದು ಗಾಜಿನ ಕಚೇರಿಯಲ್ಲಿ, ಎಸಿಯ ತಂಪಿನಲ್ಲಿ ಕೂತು, ಎದುರಿಗಿದ್ದ ಸಾಫ್ಟ್‌ವೇರ್ ಕಂಪನಿಯ ಮಾಲೀಕನಿಗೆ ನಾನು ಕೇಳಿದ ಮೊದಲ ಪ್ರಶ್ನೆ ಇದು. ಪಾಪ, ಕುಡಿಯುತ್ತಿದ್ದ ನೀರು ಅವನ ನೆತ್ತಿಗೇರಿತು. ನನ್ನ ಪಕ್ಕದಲ್ಲಿದ್ದ ನಮ್ಮ ಸಂಘದ ಕಾಕಾ ನನ್ನ ಸೆರಗು ಹಿಡಿದು ಜಗ್ಗಿದರು.

"ಬಿಡ್ತು ಅನ್ರಿ ಅಕ್ಕೋರ, ಬಿಡ್ತು ಅನ್ರಿ! ಒಳ್ಳೆ ಕೆಲಸಕ್ಕ ಬಂದೇವಿ, ಇದೇನ್ ಮಾತು ಅಂತ ಆಡ್ತೀರಿ!"

ನಾನು ಬಿಡ್ತು ಅನ್ನಲಿಲ್ಲ. ಹುಟ್ಟಿದಾಗಿನಿಂದ ಅದನ್ನೇ ಅಂದುಕೊಂಡು ಬಂದವಳು ನಾನು. ಅಶುಭ ಮಾತು ಬಾಯಿಂದ ಜಾರಿದರೆ ಬಿಡ್ತು, ಯಾರಾದರೂ ಸಾವಿನ ಸುದ್ದಿ ಎತ್ತಿದರೆ ಬಿಡ್ತು. ಹಾಗೆ ಅಂದು ಅಂದೇ ನನ್ನ ಮಗಳ ಜೀವ ಒಂದು ಮುರಿದ ಫೋನಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ಇನ್ನು ನನಗೆ ಯಾರ ಮುಲಾಜೂ ಬೇಕಿರಲಿಲ್ಲ.

ನಾನು ಧಾರವಾಡದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಬಾಯಿ ಮೊದಲಿಂದಲೂ ಜೋರು. ಒಬ್ಬಳೇ ಮಗಳು. ಅವಳಿಗೆ ಎಂಟು ತಿಂಗಳಿದ್ದಾಗ ತಲಸ್ಸೇಮಿಯಾ ಎಂದು ಗೊತ್ತಾಯಿತು. ಅವಳ ಮೈ ತನಗೆ ಬೇಕಾದ ರಕ್ತವನ್ನು ತಾನು ಮಾಡಿಕೊಳ್ಳುವುದಿಲ್ಲ. ಮೂರು ವಾರಕ್ಕೊಮ್ಮೆ ಬೇರೆಯವರ ರಕ್ತ ಏರಿಸಬೇಕು, ಬದುಕಿರುವ ತನಕ. ಅವಳದು ಓ ನೆಗೆಟಿವ್, ಹುಡುಕಿದರೂ ಸಿಗದ ಗುಂಪು. ಆಗ ಬಾಣಂತನಕ್ಕೆಂದು ಬಂದು ಇನ್ನೂ ಮನೆಯಲ್ಲೇ ಇದ್ದ ನಮ್ಮ ಹಿರಿಯ ಸಂಬಂಧಿಯೊಬ್ಬಳು, ತೊಟ್ಟಿಲಿನ ಪಕ್ಕದಲ್ಲೇ ನಿಂತು, "ಹತ್ತು ವರ್ಷ ದಾಟಿದ್ರ ದೇವರು ದೊಡ್ಡವ" ಅಂದಳು. ಅವಳಿಗೆ ಯಾರೂ ಬಿಡ್ತು ಅನ್ನಿಸಲಿಲ್ಲ. ಆ ಮಾತು ನನ್ನ ಹೊಟ್ಟೆಯಲ್ಲಿ ಕೂತುಬಿಟ್ಟಿತು. ಅಂದಿನಿಂದ ನಾನು ಮೂರು ವಾರದ ಆಚೆಗೆ ಏನನ್ನೂ ಯೋಚಿಸಿದವಳಲ್ಲ. ಸರ್ವಿಸ್ ಪುಸ್ತಕದಲ್ಲಿ ನಾಮಿನಿ ಅಂತ ಒಂದು ಸಾಲು ಇರುತ್ತದಲ್ಲ, ಗಂಡ ತೀರಿಕೊಂಡ ಮೇಲೆ ಅದರಲ್ಲಿ ತಮ್ಮನ ಹೆಸರು ಬರೆದೆ. ಗುಮಾಸ್ತ, "ಮಗಳ ಅದಾಳಲ್ರಿ?" ಅಂತ ಕೇಳಿದಾಗ, "ನಿಮ್ಮ ಕೆಲಸ ನೀವು ನೋಡ್ರಿ" ಅಂತ ರೇಗಿದೆ.

ರಕ್ತ ಕೊಡುವವರ ಹೆಸರುಗಳನ್ನು ನಾನು ಉದ್ದನೆಯ ನೋಟ್‌ಬುಕ್ಕುಗಳಲ್ಲಿ ಬರೆದಿಡುತ್ತಿದ್ದೆ. ಒಬ್ಬರು ಒಮ್ಮೆ ಕೊಟ್ಟರೆ ಮೂರು ತಿಂಗಳು ಮತ್ತೆ ಕೇಳುವಂತಿಲ್ಲ. ಹಾಗಾಗಿ ಯಾರು ಯಾವಾಗ ಕೊಟ್ಟರು, ಇನ್ನು ಯಾವಾಗ ಕೇಳಬಹುದು ಎಂಬ ಲೆಕ್ಕ. "ಇವರಿಗೆ ಸೋಮವಾರ ಉಪವಾಸ, ಕರೆಯಬಾರದು." "ಇವರ ಅವ್ವನಿಗೆ ಗೊತ್ತಿಲ್ಲ, ಮನೆ ಫೋನಿಗೆ ಹಚ್ಚಬಾರದು." ಆಸ್ಪತ್ರೆಯ ಬೆಂಚಿನ ಮೇಲೆ ಪರಿಚಯವಾದ ಬೇರೆ ಮಕ್ಕಳ ಪಾಲಕರೂ ಸೇರಿಕೊಂಡರು. ದುರ್ಗದಬೈಲಿನಲ್ಲಿ ಪಾತ್ರೆ ಅಂಗಡಿ ಇಟ್ಟ ಕಾಕಾ ಹಾಗೆ ಬಂದವರು, ಅವರ ಮೊಮ್ಮಗನಿಗೂ ಇದೇ ಕಾಯಿಲೆ. ನಾವೆಲ್ಲ ಸೇರಿ ಒಂದು ಸಣ್ಣ ಸಂಘ ಮಾಡಿಕೊಂಡೆವು. ನೋಟ್‌ಬುಕ್ ಒಂದು ಇದ್ದದ್ದು ನಾಲ್ಕಾಯಿತು, ಹೆಸರು ಹುಡುಕುವುದೇ ಒಂದು ಹೊತ್ತಿನ ಕೆಲಸವಾಯಿತು. ಆಗ ಯಾರೋ ಅಂದರು, ಒಂದು ಆ್ಯಪ್ ಮಾಡಿಸೋಣ.

ಮೊದಲ ಸಲ ನಾವು ಸಾಫ್ಟ್‌ವೇರಿನವನನ್ನು ಆರಿಸಿದ ರೀತಿ ನೆನೆಸಿಕೊಂಡರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಮೂವತ್ತರ ಆಸುಪಾಸಿನ ಒಬ್ಬ ನಮ್ಮ ಮನೆಗೆ ಬಂದ. ತಿನ್ನಲು ಗಿರ್ಮಿಟ್ಟು, ಮಿರ್ಚಿ ಕೊಟ್ಟೆ.

"ಯಾವೂರ್ರಿ?" ಅಂತ ಕಾಕಾ ಕೇಳಿದರು.

"ಅಮ್ಮಿನಬಾವಿರಿ."

ನನ್ನ ತವರು ಅದು. "ಯಾರ ಪೈಕಿ ನೀ?" ಅಂದೆ. ಹೇಳಿದ. ಅವರ ಮನೆ ನಮ್ಮ ಮನೆಯಿಂದ ನಾಲ್ಕು ಮನೆ ಆಚೆ. ಅಲ್ಲಿಗೆ ಮುಗಿಯಿತು ನಮ್ಮ ಪರೀಕ್ಷೆ! ಹಿಂದೆ ಏನು ಕೆಲಸ ಮಾಡಿದ್ದೀ, ಪಟ್ಟಿ ಎಲ್ಲಿ ಇಡುತ್ತೀ, ಯಾರ ಹೆಸರಿನಲ್ಲಿ ಇಡುತ್ತೀ, ಒಂದನ್ನೂ ಕೇಳಲಿಲ್ಲ. ಹೆಣ್ಣು ಕೊಡುವಾಗಲಾದರೂ ನಾವು ಓಣಿಯವರ ಹತ್ತಿರ ಹೋಗಿ ಒಂದು ಮಾತು ವಿಚಾರಿಸುತ್ತೇವೆ. ಇಲ್ಲಿ ಅದೂ ಇಲ್ಲ. ನಮ್ಮೂರವನು, ನಮ್ಮವನು. ಮುಗಿಯಿತು.

ಅವನೇನು ಮೋಸಗಾರನಲ್ಲ. ಆ ಮಾತು ಮೊದಲೇ ಹೇಳಿಬಿಡುತ್ತೇನೆ. ಬಹಳ ಛಲೋ ಕೆಲಸ ಮಾಡಿಕೊಟ್ಟ. ನಾಲ್ಕೂ ನೋಟ್‌ಬುಕ್ಕಿನ ಹೆಸರುಗಳನ್ನು ತಾನೇ ಕೂತು ತುಂಬಿದ. ಆ್ಯಪ್ ಶುರುಮಾಡಿದ ದಿನ ಕಾಯಿ ಒಡೆದು, ಪೇಡೆ ಹಂಚಿದೆವು. ಅವತ್ತು ಅವನೇ ಒಂದು ಮಾತು ತೆಗೆದ. "ಅಕ್ಕಾರ, ಎಲ್ಲಾ ನನ್ನ ಹೆಸರಿನ್ಯಾಗ, ನನ್ನ ಫೋನಿನ್ಯಾಗ ಐತ್ರಿ. ನಾಳೆ ನನಗೇನರ ಆತಂದ್ರ..."

"ಬಿಡ್ತು ಅನ್ನಪಾ!" ಅಂದೆವು ನಾವೆಲ್ಲ ಒಂದೇ ದನಿಯಲ್ಲಿ. ಅವನು ನಕ್ಕು, "ಬಿಡ್ತುರಿ" ಅಂದ. ಆ ಮಾತು ಅಲ್ಲಿಗೆ ನಿಂತಿತು. ನಾನೇ ಅವನ ಬಾಯಿಗೆ ಇನ್ನೊಂದು ಪೇಡೆ ಇಟ್ಟೆ.

ಇನ್ನೊಂದು ಹುಚ್ಚುತನ ಇದೆ, ಅದು ಪೂರ್ತಿ ನನ್ನದು. ಹಳೆಯ ನೋಟ್‌ಬುಕ್ಕುಗಳನ್ನು ಏನು ಮಾಡುವುದು? ನನ್ನ ಮಗಳಿಗೆ ರಕ್ತ ಕೊಟ್ಟವರ ಹೆಸರುಗಳು ಅವು. ರದ್ದಿಗೆ ಹಾಕಲು ಮನಸ್ಸು ಬರಲಿಲ್ಲ. ಹಳೆಯ ದೇವರ ಫೋಟೋಗಳನ್ನು ಏನು ಮಾಡುತ್ತೇವೋ ಅದನ್ನೇ ಮಾಡಿದೆ. ಕುಂಕುಮ ಹಚ್ಚಿ, ಹೂವು ಏರಿಸಿ, ಉಣಕಲ್ ಕೆರೆಯಲ್ಲಿ ಬಿಟ್ಟು ಕೈಮುಗಿದು ಬಂದೆ. ಗಣಿತದ ಮಾಸ್ತರಿಣಿ ನಾನು! ನಕಲು ಇಟ್ಟುಕೊಳ್ಳಬೇಕು ಅನ್ನುವ ಬುದ್ಧಿ ಬರಲಿಲ್ಲ.

ಒಂದೂವರೆ ವರ್ಷ ಸುಖವಾಗಿತ್ತು. ಆಮೇಲೆ ಒಂದು ದಿನ ಬೈಪಾಸಿನಲ್ಲಿ ಅವನ ಬೈಕಿಗೆ ಲಾರಿ ತಾಗಿತು.

ನಾವೆಲ್ಲ ಅಮ್ಮಿನಬಾವಿಗೆ ಹೋದೆವು. ಮಣ್ಣಿಗೆ ಹೋದೆವು, ತಿಥಿಯ ದಿನಕ್ಕೂ ಹೋದೆವು. ಎಲೆಯ ಮುಂದೆ ಕೂತಾಗ ಕಾಕಾನ ಕಿವಿಯಲ್ಲಿ, "ಪಟ್ಟಿ?" ಅಂದೆ. "ಸತ್ತವರ ಮನ್ಯಾಗ ಪಾಸ್‌ವರ್ಡ್ ಹೆಂಗ ಕೇಳೋದ್ರಿ ಅಕ್ಕೋರ? ಮಂದಿ ಏನಂದಾರು?" ಅಂದರು. ಖರೇ ಅನ್ನಿಸಿತು. ಆ್ಯಪ್ ನಡೆಯುತ್ತಲೂ ಇತ್ತು. ಸುಮ್ಮನೆ ಉಂಡು ಎದ್ದು ಬಂದೆವು.

ನಾಲ್ಕು ತಿಂಗಳ ನಂತರ ಒಂದು ಬೆಳಿಗ್ಗೆ ಆ್ಯಪ್ ತೆರೆದರೆ ಬಿಳಿ ಪರದೆ. ಆರಿಸಿ ಹಚ್ಚಿದೆ, ಫೋನನ್ನೇ ಬಂದ್ ಮಾಡಿ ಹಚ್ಚಿದೆ. ಬಿಳಿ ಪರದೆ. ಪಟ್ಟಿ ಇಡಲು ಇಂಟರ್ನೆಟ್ಟಿನಲ್ಲಿ ಅವನು ತನ್ನ ಹೆಸರಿನಲ್ಲಿ ವರ್ಷಕ್ಕೊಮ್ಮೆ ಕಟ್ಟುತ್ತಿದ್ದ ಜಾಗದ ಬಾಡಿಗೆ ಮುಗಿದಿತ್ತು. ಮತ್ತೆ ಕಟ್ಟಿ ಬಿಡಿಸಿಕೊಳ್ಳೋಣವೆಂದರೆ ಅವನ ಫೋನಿಗೆ ಬರುವ ಸಂಖ್ಯೆ ಬೇಕು. ಮಗಳ ಮುಂದಿನ ರಕ್ತದ ಬಾಟಲಿಗೆ ಆರು ದಿನ ಇತ್ತು.

ಈ ಸಲ ಒಬ್ಬಳೇ ಅಮ್ಮಿನಬಾವಿಗೆ ಓಡಿದೆ. ಅವನ ಅವ್ವ ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ನಾನು ಏನೂ ಕೇಳುವ ಮೊದಲೇ, "ನಿಮ್ಮ ಮಗಳು ಹೆಂಗದಾಳವ್ವಾ?" ಅಂದಳು. "ನನ್ನ ಮಗ ಭಾಳ ಹೇಳ್ತಿದ್ದ ಆಕಿ ಸುದ್ದಿ." ಬಂದ ಕೆಲಸ ಹೇಳಿದೆ. ಒಳಗೆ ಹೋಗಿ ಒಂದು ಟವೆಲ್ಲಿನ ಗಂಟು ತಂದು ಬಿಚ್ಚಿದಳು. ಚೂರಾದ ಫೋನು, ಅವನ ಕೈಗಡಿಯಾರ.

"ಪಾಸ್‌ವರ್ಡ್ ಅಂದ್ರೇನೋ ನನಗ ತಿಳ್ಯಂಗಿಲ್ಲವಾ. ಹೋಗ್ತೇನಿ ಅಂತ ಸೈತ ನನಗ ಹೇಳಲಿಲ್ಲ ಅಂವಾ," ಅಂದಳು. ಆಮೇಲೆ ತನ್ನ ತೋಳು ಮುಂದೆ ಚಾಚಿ, "ನನ್ನ ರಕ್ತ ನಡೀತೈತೇನು ನೋಡು. ತಗೋ," ಅಂದಳು. ಅವಳಿಗೆ ಎಪ್ಪತ್ತರ ಹತ್ತಿರ. ನಾನು ಆ ತೋಳು ಹಿಡಿದುಕೊಂಡು ಅತ್ತೆ. ಫೋನನ್ನು ಹುಬ್ಬಳ್ಳಿಯಲ್ಲಿ ರಿಪೇರಿಯವರಿಗೆ ತೋರಿಸಿದೆ. "ಇದರಾಗ ಏನೂ ಉಳದಿಲ್ರಿ, ಸಿಮ್ಮೂ ಬಂದ್ ಆಗೈತಿ" ಅಂದರು.

ಆ ಆರು ದಿನ ಹನ್ನೊಂದಾಯಿತು. ರಕ್ತ ಭಂಡಾರಗಳಲ್ಲಿ ಓ ನೆಗೆಟಿವ್ ಇಲ್ಲ, ಇದ್ದದ್ದು ಹೆರಿಗೆಯವರಿಗೆ ಹೋಯಿತು. ನನ್ನ ಫೋನಿನಲ್ಲಿ ಉಳಿದಿದ್ದ ಹತ್ತಿಪ್ಪತ್ತು ನಂಬರುಗಳಿಗೆ ಹಚ್ಚಿದೆ. ಒಬ್ಬರು ಮೊನ್ನೆಯೇ ಕೊಟ್ಟಿದ್ದಾರೆ, ಒಬ್ಬರು ಊರು ಬಿಟ್ಟಿದ್ದಾರೆ, ಒಬ್ಬರಿಗೆ ಜ್ವರ. ಸ್ಟಾಫ್ ರೂಮಿನಲ್ಲಿ ಒಬ್ಬೊಬ್ಬರ ಮುಂದೆ ನಿಂತು ನಿಮ್ಮದು ಯಾವ ಗುಂಪು ಎಂದು ಕೇಳಿದೆ. ಬಸ್ಸಿನಲ್ಲಿ ಪಕ್ಕ ಕೂತವರನ್ನೂ ಕೇಳಿದೆ. ಒಬ್ಬ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು. ಮಗಳು ದಿನಾ ಬಿಳಿಚಿಕೊಳ್ಳುತ್ತಿದ್ದಳು. ಮನೆಯ ಮೆಟ್ಟಿಲು ಹತ್ತುವಾಗ ನಡುವೆ ನಿಂತು ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುವವಳ ಹಾಗೆ ಬಗ್ಗುವಳು. ಏದುಸಿರು ನನಗೆ ಕಾಣಬಾರದು ಅಂತ. ನನಗೆ ಕಾಣುವುದಿಲ್ಲವೇ! ನಾನು ಅಡುಗೆಮನೆಗೆ ಹೋಗಿ ನಳ ಬಿಟ್ಟು, ಆ ಸಪ್ಪಳದಲ್ಲಿ ನನ್ನ ಕೆನ್ನೆಗೆ ನಾನೇ ಬಡಿದುಕೊಂಡೆ. ನೋಟ್‌ಬುಕ್ಕುಗಳನ್ನು ಕೆರೆಗೆ ಬಿಟ್ಟ ಕೈ ಇದೇ.

ಹನ್ನೊಂದನೆಯ ದಿನ ಒಂದು ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. "ಅಕ್ಕಾರ, ನಂದು ಮೂರು ತಿಂಗಳ ಮುಗದು ಮ್ಯಾಲೆ ವಾರಾತು. ಈ ಸಲ ನೀವು ಕರೀಲೇ ಇಲ್ಲಲ್ರಿ? ಏನರ ತಪ್ಪಾತೇನ್ರಿ ನಂದು?" ಬಸ್ ಡಿಪೋದಲ್ಲಿ ಕೆಲಸ ಮಾಡುವ ಒಬ್ಬ ಮೆಕ್ಯಾನಿಕ್. ನಾನು ಆ ಹೆಸರನ್ನು ಎಷ್ಟು ಸಲ ನನ್ನ ಕೈಯಾರೆ ಬರೆದಿದ್ದೆನೋ. ಅವತ್ತು ಅವನಿಂದ ಮಗಳು ಉಳಿದಳು. ಆದರೆ ಅದು ಮೂರು ವಾರದ ಮಾತು ಮಾತ್ರ. ಹೆಸರುಗಳನ್ನು ಒಂದೊಂದಾಗಿ ಕೂಡಿಸಿ ಪಟ್ಟಿಯನ್ನು ಮೊದಲಿನಿಂದ ಕಟ್ಟಬೇಕಿತ್ತು.

ಹೀಗಾಗಿ ಎರಡನೆಯ ಸಲ ಸಾಫ್ಟ್‌ವೇರಿನವರನ್ನು ಹುಡುಕಲು ಹೊರಟಾಗ ನನ್ನ ಪ್ರಶ್ನೆ ಒಂದೇ ಇತ್ತು. ಊರು ಕೇಳಲಿಲ್ಲ, ಪೈಕಿ ಕೇಳಲಿಲ್ಲ.

ಗಾಜಿನ ಕಚೇರಿಯ ಮಾಲೀಕ ಕೆಮ್ಮು ನಿಂತ ಮೇಲೆ ನಕ್ಕ. "ಮೇಡಮ್, ನಾ ಸತ್ರೂ ಕಂಪನಿ ಇರತೈತಲ್ರಿ."

"ಪಟ್ಟಿ ಯಾರ ಹೆಸರಿನ್ಯಾಗ ಇರತೈತಿ?"

"ನಮ್ಮ ಹತ್ರ ಸೇಫ್ ಇರತೈತ್ರಿ."

"ಸೇಫ್ ಇರೋದು ಬ್ಯಾರೆ, ನಮ್ಮದಾಗಿ ಇರೋದು ಬ್ಯಾರೆ. ನಾಳೆ ನಮಗ ನೀವು ಬ್ಯಾಡಾದ್ರಿ ಅಂತ ತಿಳ್ಕೋರಿ. ಎಷ್ಟು ದಿವಸದಾಗ ಪಟ್ಟಿ ಕೈಗೆ ಕೊಡ್ತೀರಿ?"

"ಅದೆಲ್ಲಾ ಟೆಕ್ನಿಕಲ್ ಮಾತ್ರಿ. ಆಮ್ಯಾಲೆ ನೋಡೋಣಂತ."

ತಮ್ಮ ಕೆಲಸ ನೋಡಿ ಬನ್ನಿ ಎಂದು ಮೂರು ಗಿರಾಕಿಗಳ ಹೆಸರು ಕೊಟ್ಟ. ಗಂಡಿನ ಕಡೆಯವರು ತಾವೇ ತೋರಿಸಿದ ಮನೆಗೆ ಹೋಗಿ ವಿಚಾರಿಸಿದರೆ ಯಾರು ಕೆಟ್ಟದ್ದು ಹೇಳುತ್ತಾರೆ? ನಾನು ಇವರನ್ನು ಬಿಟ್ಟು ಹೋದ ಗಿರಾಕಿಯನ್ನು ಹುಡುಕಿಕೊಂಡು ಹೋದೆ. ಹಲ್ಲಿನ ಡಾಕ್ಟರರೊಬ್ಬರು ಸಿಕ್ಕರು. "ಕೆಲಸ ಛಲೋ ಮಾಡ್ತಾರ್ರಿ. ಆದ್ರ ಬಿಡ್ತೇವಿ ಅಂದಾಗ ನಮ್ಮ ಪೇಷಂಟರ ಪಟ್ಟಿ ಕೊಡಾಕ ಐದು ತಿಂಗಳ ಅಡ್ಡಾಡಿಸಿದ್ರು," ಅಂದರು. ಐದು ತಿಂಗಳು! ನನ್ನ ಹತ್ತಿರ ಇದ್ದದ್ದು ಮೂರು ವಾರ, ಅದರಲ್ಲಿ ಎರಡು ಆಗಲೇ ಕಳೆದಿದ್ದವು.

ಹೊರಗೆ ಬಂದು ಇದನ್ನು ಹೇಳಿದಾಗ ಕಾಕಾ ತಲೆ ಮೇಲೆ ಕೈ ಹೊತ್ತರು. "ಮನಿಗೆ ಬೆಂಕಿ ಬಿದ್ದೈತಿ. ಬಾವಿ ತೋಡೋದು ಬಿಟ್ಟು ನೀರು ಸಿಹಿ ಐತೋ ಸವಳ ಐತೋ ಕೇಳ್ಕೋತ ಹೊಂಟೀರಿ ನೀವು. ಯಾರನ್ನರ ಒಬ್ರನ್ನ ಹಿಡೀರಿ!"

"ಒಮ್ಮೆ ಹಿಡದೇವಲ್ಲ ಕಾಕಾ, ಸಾಲದೇನು?" ಅಂದೆ. ಅವರ ಮೊಮ್ಮಗನಿಗೂ ಅದೇ ವಾರ ರಕ್ತ ಏರಿಸಬೇಕಿತ್ತು.

ಧಾರವಾಡದಲ್ಲಿ ಒಂದು ಹಿಟ್ಟಿನ ಗಿರಣಿಯ ಮೇಲೆ ಎರಡು ಕೋಣೆಯಲ್ಲಿ ಒಬ್ಬ ಹೆಣ್ಣುಮಗಳು ಇದೇ ಕೆಲಸ ಮಾಡುತ್ತಾಳೆ ಎಂದು ಆ ಡಾಕ್ಟರರೇ ಹೇಳಿದ್ದರು. ಹೋದೆವು. ಕೆಳಗೆ ಗಿರಣಿ ತಿರುಗಿದರೆ ಮೇಲೆ ಮೇಜಿನ ಮೇಲಿನ ಪೆನ್ನು ಅಲುಗುತ್ತಿತ್ತು. ಖಾರ ಬೀಸುತ್ತಿದ್ದರು, ಎಲ್ಲರೂ ಸೀನುತ್ತಲೇ ಮಾತಾಡಿದೆವು. ನಾನು ನನ್ನ ಪ್ರಶ್ನೆ ಕೇಳಿದೆ. ಅವಳು ನಗಲಿಲ್ಲ, ಸಿಟ್ಟಾಗಲೂ ಇಲ್ಲ.

"ಇಷ್ಟು ವರ್ಷದಾಗ ಇದನ್ನ ಯಾರೂ ಕೇಳಿಲ್ಲ ನೋಡ್ರಿ," ಅಂದಳು. "ಬಾಯಿಲೆ ಹೇಳಿದ್ರ ನೀವು ನಂಬಬಾರದು. ನಾಡಿದ್ದು ಬರ್ರಿ. ಐವತ್ತು ಸುಳ್ಳ ಹೆಸರು ಹಾಕಿ ಒಂದು ಪಟ್ಟಿ ಮಾಡಿಟ್ಟಿರ್ತೇನಿ," ಅಂದಳು.

ಅಂದು ಮಗಳೂ ಬಂದಳು, ಅವಳ ಕಾಲೇಜು ಅಲ್ಲಿಂದ ಹತ್ತಿರ. ಮೆಟ್ಟಿಲ ನಡುವೆ ಚಪ್ಪಲಿ ಸರಿಮಾಡಿಕೊಂಡೇ ಮೇಲೆ ಬಂದಳು. ಆ ಹೆಣ್ಣುಮಗಳು ನನ್ನನ್ನು ತನ್ನ ಕುರ್ಚಿಯಲ್ಲಿ ಕೂರಿಸಿ, ಕೈಗೆ ಒಂದು ಹಾಳೆ ಕೊಟ್ಟಳು. ಒಂದರ ಕೆಳಗೊಂದು ಒಂಬತ್ತು ಸಾಲು, ಕನ್ನಡದಲ್ಲಿ.

"ಈಗ ನಾ ಸತ್ತೇನಿ ಅಂತ ತಿಳ್ಕೋರಿ ಅಕ್ಕೋರ. ಇದನ್ನ ಓದಿ ಪಟ್ಟಿ ಹೊರಗ ತಗೀರಿ."

"ಬಿಡ್ತು ಅನ್ನವಾ ತಂಗಿ!" ಎಂದು ಕಾಕಾ ಕೂಗಿದರು. ಅವಳು ಆಗಲೇ ಮೆಟ್ಟಿಲು ಇಳಿಯುತ್ತಿದ್ದಳು.

ಒಂದು, ಎರಡು, ಮೂರು ಸಾಲು ಸರಿಯಾಯಿತು. ನಾಲ್ಕನೆಯದಕ್ಕೆ ಯಂತ್ರ ಒಂದು ಸಂಖ್ಯೆ ಕೇಳಿತು. ಅದು ಅವಳ ಫೋನಿಗೆ ಹೋಗಿತ್ತು. ಕಿಟಕಿಯಿಂದ ಬಗ್ಗಿ ಕೂಗಿದೆ. "ನಂಬರ್ ನಿಮ್ಮ ಫೋನಿಗೆ ಬಂದೈತಂತ ನೋಡ್ರೀ!"

ಅವಳು ಗಿರಣಿಯ ಬಾಗಿಲಲ್ಲಿ ನಿಂತಿದ್ದಳು. ಫೋನು ನೋಡಿದಳು, ಮೇಲೆ ನನ್ನನ್ನು ನೋಡಿದಳು. ಓದಿ ಹೇಳಲಿಲ್ಲ. ನನಗೆ ಆ ಟವೆಲ್ಲಿನ ಗಂಟು ಕಣ್ಣ ಮುಂದೆ ಬಂತು. ಅಯ್ಯೋ ಶಿವನೇ, ಮತ್ತೆ ಅಲ್ಲಿಗೇ ಬಂದೆನಲ್ಲ ಎಂದು ಕುರ್ಚಿಯಲ್ಲಿ ಕೂತುಬಿಟ್ಟೆ.

ಅವಳು ಮೇಲೆ ಬಂದಳು. "ತಪ್ಪು ನಂದ್ರಿ," ಅಂದಳು. "ಖರೇನೇ ಸತ್ತಿದ್ರ ನೀವು ಇಲ್ಲೇ ನಿಂತಿರ್ತಿದ್ರಿ." ಅಡ್ಡಗೋಡೆಯ ಮೇಲೆ ದೀಪ ಇಡಲಿಲ್ಲ, ಟೆಕ್ನಿಕಲ್ ಅನ್ನಲಿಲ್ಲ. ಕೂತು, ಆ ಸಂಖ್ಯೆ ಸಂಘದ ಫೋನಿಗೆ ಬರುವಂತೆ ಬದಲಿಸಿದಳು. ಹಾಳೆಯಲ್ಲಿ ನಾಲ್ಕನೆಯ ಸಾಲು ಹೊಡೆದು ಹೊಸದು ಬರೆದಳು. "ನಡೀರಿ, ಇನ್ನೊಮ್ಮೆ ಸಾಯ್ತೇನಿ," ಎಂದು ಮತ್ತೆ ಇಳಿದು ಹೋದಳು. ಈ ಸಲ ಕಾಕಾನೂ ನಕ್ಕುಬಿಟ್ಟರು.

ಎರಡನೆಯ ಸಲ ಒಂಬತ್ತೂ ಸಾಲು ನಡೆದವು. ಪ್ರಿಂಟರ್ ಕರಕರ ಅಂದು ಐವತ್ತು ಸುಳ್ಳು ಹೆಸರುಗಳನ್ನು ನನ್ನ ಮಡಿಲಿಗೆ ಹಾಕಿತು. ಆ ಸುಳ್ಳು ಹೆಸರುಗಳನ್ನು ಎದೆಗೆ ಒತ್ತಿಕೊಂಡು ಅತ್ತೆ. ಕೆಲಸ ಇವಳಿಗೇ ಎಂದು ಅಲ್ಲೇ ಹೇಳಿದೆ.

ಅವಳು ಕಣ್ಣೊರೆಸಿಕೊಳ್ಳಲು ನನಗೆ ಹೊತ್ತು ಕೊಟ್ಟು, ಇನ್ನೊಂದು ಕಾಗದ ಮುಂದಿಟ್ಟಳು. ಪಟ್ಟಿಯ ಕೀಲಿ ಯಾರ ಕೈಯಲ್ಲಿ ಎಂದು ಬರೆಯುವ ಕಾಗದ. ಮೊದಲ ಸಾಲಿನಲ್ಲಿ ನನ್ನ ಹೆಸರು ಬರೆದೆ. ಅದರ ಕೆಳಗೆ 'ಇವರ ನಂತರ' ಎಂದು ಒಂದು ಖಾಲಿ ಸಾಲು ಇತ್ತು.

"ನನಗ ಕೇಳಿದ್ರಿ, ಕೇಳಬೇಕಾದದ್ದೇ," ಅಂದಳು. "ಈಗ ನಾ ಕೇಳ್ತೇನಿ. ನೀವು ಇಲ್ಲಾಂದ್ರ ಯಾರ ಕೈಗೆ ಕೊಡಲಿ?"

ನಾನು ಯೋಚಿಸಲೂ ಇಲ್ಲ. ಕೈ ತಾನಾಗಿ ತಮ್ಮನ ಹೆಸರಿನ ಮೊದಲ ಅಕ್ಷರ ಬರೆಯಿತು.

"ಮಾಮಾನ ಹೆಸರು ಬರೀಬ್ಯಾಡವಾ," ಅಂದಳು ಹಿಂದೆ ನಿಂತಿದ್ದ ಮಗಳು. "ಸರ್ವಿಸ್ ಬುಕ್ಕಿನ್ಯಾಗ ಅವಂದೇ ಬರದಿ. ವಿಮಾದ ಕಾಗದದಾಗೂ ಅವಂದೇ. ನಾ ಎಲ್ಲೂ ಇಲ್ಲ."

"ನೀ ಸಣ್ಣಾಕಿ ಇದ್ದೆಲ್ಲಾ, ಅದಕ್ಕ..."

"ಈಗ ಹದಿನೆಂಟು."

"ಹಂಗಲ್ಲವಾ..."

"ಹಂಗೇ. ನಿನಗಿಂತ ಮೊದಲ ನಾ ಹೋಗ್ತೇನಿ ಅಂತ ನಿನ್ನ ಲೆಕ್ಕ. ನನಗ ಗೊತ್ತೈತಿ."

ಗಿರಣಿ ನಿಂತಿತ್ತು. ಕಾಕಾ ನೆಲ ನೋಡುತ್ತಿದ್ದರು. ಎಲ್ಲರನ್ನೂ ಅಷ್ಟು ಸಿಟ್ಟಿನಿಂದ ಕೇಳಿಕೊಂಡು ತಿರುಗಿದ ನನ್ನ ಬಾಯಿಂದ ಕೊನೆಗೆ ಬಂದದ್ದು ಆ ಹಳೆಯ ಮಾತೇ.

"ಬಿಡ್ತು ಅನ್ನು, ನನ್ನವ್ವಾ. ಬಿಡ್ತು ಅನ್ನು."

"ಅನ್ನಂಗಿಲ್ಲ. ಮೊದಲ ಬರಿ."

ಬಿಳಿಚಿದ ತುಟಿ, ಏದುಸಿರು, ಮೇಜಿನ ಅಂಚು ಹಿಡಿದ ಬೆರಳು. ಮುಂದಿನ ಬಾಟಲಿಗೆ ಇನ್ನೂ ಯಾರೂ ಸಿಕ್ಕಿರಲಿಲ್ಲ. ನಾನು ತಮ್ಮನ ಅಕ್ಷರವನ್ನು ಹೊಡೆದು, 'ಇವರ ನಂತರ' ಎಂಬಲ್ಲಿ ಮಗಳ ಹೆಸರು ಬರೆದೆ. ನಾನು ಸತ್ತ ಮೇಲೂ ಅವಳು ಇರುತ್ತಾಳೆ ಎಂದು ನಾನು ಒಪ್ಪಿಕೊಂಡದ್ದು ಹದಿನೆಂಟು ವರ್ಷದಲ್ಲಿ ಅದೇ ಮೊದಲು. ಅವಳು ಬಗ್ಗಿ, ಕಾಗುಣಿತ ಸರಿ ಇದೆಯೇ ಎಂದು ಎರಡು ಸಲ ಓದಿದಳು. ಆಮೇಲೆ "ಬಿಡ್ತು" ಅಂದಳು.